ಬಾದಾಮಿ ಹೂವಿನ ಕಾಲದಲ್ಲಿ ಜಿಕೆವಿಕೆ ಗೆಳೆಯರು

ಶುಕ್ರವಾರ

ಮಗಳ ಮನೆ ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ನನ್ನ ಹಳೇ ಗೆಳೆಯರು ಸೇರುವುದಿದ್ದದ್ದು ಡೇವಿಸ್ ಅನ್ನೋ ವಿಶ್ವವಿದ್ಯಾಲಯದ ಊರಲ್ಲಿ. ಅಲ್ಲಿಗೆ ಕಾರಿನಲ್ಲಿ ಬಿಟ್ಟು ಬರುತ್ತೇನೆ ಅಂತ ಅಳಿಯ ಹೇಳಿದ. ಬೇಡ ಅಂದೆ. ಕ್ಯಾಪಿಟಲ್ ಕಾರಿಡಾರ್ ಅನ್ನೋ ರೈಲಿದೆ. ರಿಸರ್ವೇಶನ್ ಗೋಜಿಲ್ಲ, ಟಿಕೆಟ್ ತಗೊಂಡು ಖಾಲಿ ಇದ್ದ ಕಡೆ ಕೂತರಾಯಿತು. ಹೋಗುವಾಗ ಎಡಗಡೆ ಕಿಟಕಿಯನ್ನೇ ಹಿಡಿಯಬೇಕು. ರಿಚ್‌ಮಂಡ್ ದಾಟಿದ ಮೇಲೆ ಹಳಿ ಕೊಲ್ಲಿಯ ದಡಕ್ಕೆ ಅಂಟಿಕೊಂಡೇ ಹೋಗುತ್ತದೆ. ಆಮೇಲೆ ಮಾರ್ಟಿನೆಜ್, ಉದ್ದದ ಸೇತುವೆ, ಅದಾದ ಮೇಲೆ ಜೊಂಡು ತುಂಬಿದ ಜೌಗು ನೆಲ. ಫೆಬ್ರವರಿ ಕೊನೆ. ಗುಡ್ಡಗಳೆಲ್ಲ ಹಸಿರು. ಜೂನ್‌ನಲ್ಲಿ ಬಂದವರಿಗೆ ಇದೇ ಗುಡ್ಡ ಒಣಹುಲ್ಲಿನ ಬಣ್ಣದಲ್ಲಿ ಕಾಣುತ್ತದೆ. ಇಲ್ಲಿ ಮಳೆಗಾಲ ಅಂದರೆ ಚಳಿಗಾಲ.

ಎದುರು ಸೀಟಿನಲ್ಲಿ ವಯಸ್ಸಾದ ಸರ್ದಾರ್ಜಿ ಒಬ್ಬರು ಕೂತಿದ್ದರು. ಯೂಬಾ ಸಿಟಿಯವರು. ಅಲ್ಲಿ ಪಂಜಾಬಿನವರ ಪೀಚ್ ತೋಟಗಳಿವೆ ಅಂತ ಓದಿ ಗೊತ್ತಿತ್ತು. ಇವರದ್ದೂ ಪೀಚು, ಜೊತೆಗೆ ಅಕ್ರೋಟು. ಯಾರನ್ನು ನೋಡೋಕೆ ಹೊರಟಿದ್ದೀರಿ ಅಂತ ಹಿಂದಿಯಲ್ಲಿ ಕೇಳಿದರು. ಕೃಷಿ ಕಾಲೇಜಿನ ಗೆಳೆಯರನ್ನು ಅಂದೆ. ಮುಖ ಅರಳಿತು. "ಹಾಗಾದರೆ ನೀವೂ ರೈತರು! ಏನು ಬೆಳೀತೀರಿ?" ಏನೂ ಇಲ್ಲ, ಬ್ಯಾಂಕಿನಲ್ಲಿದ್ದೇನೆ, ಬೆಳೆಸಾಲ ಕೊಡ್ತೀನಿ ಅಂದೆ. ಅವರು ಜೋರಾಗಿ ನಕ್ಕು, ಚೀಲದಿಂದ ಎರಡು ಕಿತ್ತಳೆ ತೆಗೆದು ನನ್ನ ಕೈಗಿಟ್ಟರು. ಪ್ರಶ್ನೆ ಮಾತ್ರ ಡೇವಿಸ್‌ವರೆಗೂ ನನ್ನ ಜೊತೆಗೇ ಬಂತು.

ನಮ್ಮದು 1988ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರಕ್ಕೆ, ಅಂದರೆ ಜಿಕೆವಿಕೆಗೆ, ಸೇರಿ 1992ರಲ್ಲಿ ಹೊರಬಿದ್ದ ಬ್ಯಾಚು. ಬಿ.ಎಸ್ಸಿ. ಅಗ್ರಿ. ಹಾಸ್ಟೆಲ್‌ನಲ್ಲಿ ಯಾರಿಗೂ ಸ್ವಂತ ಹೆಸರು ಉಳಿದಿರಲಿಲ್ಲ, ಊರೇ ಹೆಸರು. ಹಾಗಾಗಿ ಇಲ್ಲೂ ಅವರನ್ನು ಹಾಗೇ ಕರೆಯುತ್ತೇನೆ. ಕೊಪ್ಪ ಡೇವಿಸ್‌ನಲ್ಲಿ ಕೀಟಶಾಸ್ತ್ರದ ಕೆಲಸದಲ್ಲಿದ್ದಾಳೆ. ಚಿಂತಾಮಣಿ ಸಲೀನಾಸ್‌ನಲ್ಲಿ ಲೆಟ್ಯೂಸ್ ಬೀಜ ಅಭಿವೃದ್ಧಿ ಮಾಡುತ್ತಾನೆ. ಶಿರಾ ಫ್ರೆಸ್ನೋ ಕಡೆ ಬಾದಾಮಿ ತೋಟಗಳ ಕೀಟ ಸಲಹೆಗಾರ. ನನ್ನ ಹೆಸರು ಮಾಗಡಿ.

ಸ್ಟೇಷನ್‌ನಲ್ಲಿ ಕೊಪ್ಪ ನಿಂತಿದ್ದಳು. ಬಾಯಿ ತೆಗೆದ ಕೂಡಲೇ "ದಪ್ಪ ಆಗಿದೀಯ ಮಾರಾಯ" ಅಂದಳು. ಇಪ್ಪತ್ತು ವರ್ಷದಲ್ಲಿ ಎರಡೋ ಮೂರೋ ಸಲ ಫೋನಿನಲ್ಲಿ ಮಾತಾಡಿದವರು ನಾವು. ಆ ಒಂದು ಮಾತಿಗೆ ಸಂಕೋಚವೆಲ್ಲ ಹೋಯಿತು.

ಡೇವಿಸ್ ಅಂದರೆ ಸೈಕಲ್ ಊರು. ಕ್ಯಾಂಪಸ್ಸಿನಲ್ಲಿ ಸೈಕಲ್‌ಗಳಿಗೇ ಸರ್ಕಲ್‌ಗಳಿವೆ. ನಡೆದು ಹೋಗುವವರು ಹುಷಾರಾಗಿರಬೇಕು. ತರಗತಿ ಬಿಡುವ ಹೊತ್ತಿಗೆ ಆ ಸರ್ಕಲ್ ದಾಟಲು ಹೋದರೆ ದೇವರೇ ಗತಿ. ಲಂಡನ್ನಿನ ಹಳೇ ಡಬಲ್ ಡೆಕ್ಕರ್ ಬಸ್ಸುಗಳನ್ನು ವಿದ್ಯಾರ್ಥಿಗಳೇ ಓಡಿಸುತ್ತಾರೆ. 1905ರಲ್ಲಿ ಕಾನೂನು ಮಾಡಿ ಈ ಕ್ಯಾಂಪಸ್ಸನ್ನು ವಿಶ್ವವಿದ್ಯಾಲಯದ ಫಾರ್ಮ್ ಅಂತ ಶುರು ಮಾಡಿದ್ದು. ಹಸುಗಳು ಇನ್ನೂ ಹಾಸ್ಟೆಲ್ ಪಕ್ಕದಲ್ಲೇ ಇವೆ. ಗಾಳಿ ತಿರುಗಿದಾಗ ಸಗಣಿ ವಾಸನೆ ಬಂತು. ಇಬ್ಬರೂ ಒಟ್ಟಿಗೆ ಮೂಗು ಮುಚ್ಚದೆ ನಿಂತೆವು. ಅಗ್ರಿ ಓದಿದವರನ್ನು ಗುರುತಿಸಲು ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ.

ಒಂದು ಸಾಲು ಆಲಿವ್ ಮರ ತೋರಿಸಿದಳು. ಅದರ ಹಣ್ಣು ಬಿದ್ದು ದಾರಿ ಎಣ್ಣೆ ಎಣ್ಣೆಯಾಗಿ ಸೈಕಲ್ ಸವಾರರು ಜಾರಿ ಬೀಳುತ್ತಿದ್ದರಂತೆ. ಹುಡುಗರು ಬಿದ್ದು ಏಟು ಮಾಡಿಕೊಳ್ಳೋದನ್ನು ತಪ್ಪಿಸೋಕೆ ವಿಶ್ವವಿದ್ಯಾಲಯ ಹಣ್ಣು ಕಿತ್ತು, ಎಣ್ಣೆ ತೆಗೆಸಿ, ಬಾಟಲಿ ಮಾಡಿ ಮಾರಲು ಶುರು ಮಾಡಿತು. ನಮ್ಮಲ್ಲಿ ಆಗಿದ್ದರೆ ಮೊದಲು ಒಂದು ಸಮಿತಿ, ಆಮೇಲೆ ಮರಕ್ಕೆ ಗರಗಸ ಅಂತ ಕೊಪ್ಪ ಅಂದಳು. ನಾನು ಒಪ್ಪಲಿಲ್ಲ. ಜಿಕೆವಿಕೆಯಲ್ಲಿ ಮರ ಕಡಿಯೋಕೆ ಯಾರಿಗೂ ಅಷ್ಟು ಸುಲಭವಾಗಿ ಮನಸ್ಸು ಬರಲ್ಲ.

ಶನಿವಾರ

ಬೆಳಿಗ್ಗೆ ಸೆಂಟ್ರಲ್ ಪಾರ್ಕಿನ ರೈತರ ಸಂತೆ. 1976ರಿಂದ ನಡೆಯುತ್ತಿದೆ. ಬುಧವಾರವೂ ಇರುತ್ತದೆ, ಆದರೆ ಶನಿವಾರದ್ದೇ ದೊಡ್ಡದು. ಎಂಟೂವರೆ ಒಳಗೆ ಹೋದರೆ ಪಾರ್ಕಿಂಗೂ ಸಿಗುತ್ತದೆ, ಒಳ್ಳೆ ಸೊಪ್ಪೂ ಸಿಗುತ್ತದೆ. ಕಿತ್ತಳೆ, ನಿಂಬೆ, ಅಕ್ರೋಟು, ಕೆಂಪು ಮೂಲಂಗಿ, ಮಣ್ಣು ಮೆತ್ತಿಕೊಂಡ ಕ್ಯಾರೆಟ್. ಒಬ್ಬ ಹೆಂಗಸು ಬಾದಾಮಿಯನ್ನು ಸಿಪ್ಪೆ ಸಮೇತ ಗುಡ್ಡೆ ಹಾಕಿಕೊಂಡಿದ್ದಳು. ಬೆರಳಲ್ಲಿ ಒತ್ತಿದರೆ ಒಡೆಯುವಷ್ಟು ಮೆತ್ತಗಿನ ಸಿಪ್ಪೆ. ತಳಿ ಯಾವುದು ಅಂತ ಕೇಳಿದೆ. ನಾನ್‌ಪರೇಲ್ ಅಂದಳು, ಮತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಹತ್ತು ನಿಮಿಷ ಮಾತಾಡಿದಳು. ನಾನ್‌ಪರೇಲ್ ಮರಕ್ಕೆ ತನ್ನದೇ ಪರಾಗದಿಂದ ಕಾಯಿ ಕಚ್ಚುವುದಿಲ್ಲ. ಪಕ್ಕದ ಸಾಲಿನಲ್ಲಿ ಬೇರೆ ತಳಿ ಇರಬೇಕು, ಎರಡೂ ಒಂದೇ ವಾರ ಹೂ ಬಿಡಬೇಕು, ಆ ವಾರ ಜೇನು ಹಾರಬೇಕು. "ಈ ಸಲ ಮಳೆ ಬೇರೆ" ಅಂತ ಆಕಾಶ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಜುಲೈನಲ್ಲಿ ನಮ್ಮ ಬ್ಯಾಂಕಿಗೆ ಬರುವ ಪ್ರತಿಯೊಬ್ಬರದ್ದೂ ಅದೇ ನೋಟ.

ಮಧ್ಯಾಹ್ನದ ಹೊತ್ತಿಗೆ ಚಿಂತಾಮಣಿ ಮತ್ತು ಶಿರಾ ಬಂದರು. ಜೊತೆಗೆ ಕೊಪ್ಪ ಕರೆದಿದ್ದ ಒಬ್ಬ ಹುಡುಗ. ಕೊಳ್ಳೇಗಾಲದವನು. ಅವನೂ ಜಿಕೆವಿಕೆಯೇ, ಡೇವಿಸ್‌ನಲ್ಲಿ ಮಣ್ಣಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾನೆ. ನಾವು ಪದವಿ ಮುಗಿಸಿದಾಗ ಅವನು ಹುಟ್ಟಿರಲೇ ಇಲ್ಲ. ನಮಗೆಲ್ಲ "ಸರ್, ಮೇಡಂ" ಅಂದ. ಕೊಪ್ಪ ಹಾಗನ್ನಬೇಡ ಅಂದಳು. ಅವನು ಹತ್ತು ನಿಮಿಷ ಪ್ರಯತ್ನಪಟ್ಟು ಮತ್ತೆ ಸರ್‌ಗೇ ಬಂದ.

ರಾತ್ರಿ ಅಡುಗೆ ಮುದ್ದೆ, ಬಸ್ಸಾರು. ರಾಗಿ ಹಿಟ್ಟು ಫ್ರೀಮಾಂಟಿನ ಅಂಗಡಿಯಿಂದ ನಾನೇ ತಂದಿದ್ದೆ. ಅವರೆಕಾಳು ಫ್ರೀಜರ್‌ನದ್ದು. ಸೊಪ್ಪು ಬೆಳಗಿನ ಸಂತೆಯದ್ದು, ಅದು ಯಾವ ಸೊಪ್ಪು ಅಂತ ಕೊನೆಗೂ ತೀರ್ಮಾನ ಆಗಲಿಲ್ಲ. ತೊಂದರೆ ಆಗಿದ್ದು ಕೋಲಿಗೆ. ಕೊಪ್ಪ ಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುವ ಹೆಂಚು ಮೂರು ಇಟ್ಟಿದ್ದಾಳೆ, ಮುದ್ದೆ ತೊಳಸುವ ಕೋಲು ಒಂದೂ ಇಲ್ಲ. ಚಿಂತಾಮಣಿ ಮರದ ಸೌಟು ಹಾಕಿ ತಿರುವಿದ. ಸೌಟು ಎರಡು ತುಂಡಾಗಿ, ಒಂದು ತುಂಡು ಹಿಟ್ಟಿನೊಳಗೇ ಉಳಿಯಿತು. ಶಿರಾ ಮಾತಾಡದೆ ಕಾರು ತೆಗೆದುಕೊಂಡು ಹೋದ. ಹಾರ್ಡ್‌ವೇರ್ ಅಂಗಡಿಯಿಂದ ಹೊಸ ಸನಿಕೆಯ ಕಾವು ತಂದ. ಕಾವು ಮಾತ್ರ ಬಿಡಿಯಾಗಿ ಮಾರುತ್ತಾರಂತೆ, ಹಿಕೋರಿ ಮರದ್ದು. ಅಂಗಡಿಯಲ್ಲೇ ಎರಡಡಿಗೆ ಕೊಯ್ಸಿಕೊಂಡು ಬಂದಿದ್ದ. ತೊಳೆದು, ಬಿಸಿನೀರು ಹೊಯ್ದು, ಪಾತ್ರೆಯನ್ನು ನೆಲಕ್ಕಿಟ್ಟು, ಎರಡೂ ಪಾದದಲ್ಲಿ ಅಮುಕಿ ಹಿಡಿದು ಮುದ್ದೆ ತೊಳಸಿದ. ಒಂದು ಗಂಟೂ ಇಲ್ಲ. ಕ್ಯಾಲಿಫೋರ್ನಿಯಾಗೆ ಹೋಗುವವರು ಇದೊಂದು ನೆನಪಿಟ್ಟುಕೊಳ್ಳಿ.

ಉಣ್ಣುತ್ತಾ ಹಾಸ್ಟೆಲ್ ಮಾತು ಶುರುವಾಯಿತು. ಮೆಸ್ಸಿನ ಸಾರು, ಓಜಿಪಿಎ ಅನ್ನೋ ಒಟ್ಟು ಗ್ರೇಡಿನ ಲೆಕ್ಕ, ಒಬ್ಬೊಬ್ಬರಿಗೂ ಕೊಟ್ಟಿದ್ದ ಬೆಳೆ ಪ್ಲಾಟು, ರಾತ್ರಿ ಪಕ್ಕದವನ ಪ್ಲಾಟಿನಿಂದ ನೀರು ತಿರುಗಿಸಿಕೊಂಡ ಜಗಳ. ಹೆಬ್ಬಾಳ ದಾಟಿದರೆ ಕತ್ತಲೆ, ಕೊನೇ ಬಸ್ಸು ತಪ್ಪಿದರೆ ನಡಿಗೆ. ಕೊಳ್ಳೇಗಾಲ ಬಾಯಿಬಿಟ್ಟುಕೊಂಡು ಕೇಳುತ್ತಿದ್ದ. ಅವನಿಗೆ ಗೊತ್ತಿರುವ ಬಳ್ಳಾರಿ ರಸ್ತೆ 2008ರಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಬಂದ ಮೇಲಿನದ್ದು. "ಸರ್, ಈಗ ಗೇಟಿನ ಮುಂದೆ ರಸ್ತೆ ದಾಟೋದೇ ಒಂದು ಪ್ರಾಕ್ಟಿಕಲ್" ಅಂದ.

ಆಮೇಲೆ ಕೀಟದ ಪೆಟ್ಟಿಗೆ. ಪ್ರತಿಯೊಬ್ಬರೂ ಕೀಟ ಹಿಡಿದು, ಒಣಗಿಸಿ, ಪಿನ್ನು ಚುಚ್ಚಿ, ಚೀಟಿ ಅಂಟಿಸಿ ಕೊಡಬೇಕಿತ್ತು. ಚಿಟ್ಟೆಯಾದರೆ ಎದೆಯ ನಡುವಿಗೆ ಪಿನ್ನು, ದುಂಬಿಯಾದರೆ ಬಲಗಡೆ ಗಟ್ಟಿ ರೆಕ್ಕೆಗೆ. ಎಡಗಡೆ ಚುಚ್ಚಿದರೆ ಮಾರ್ಕು ಹೋಯಿತು. ಸಬ್ಮಿಶನ್ ಹಿಂದಿನ ರಾತ್ರಿ ಕೀಟ ಸಾಲದೆ ಎಲ್ಲರೂ ಬೀದಿದೀಪದ ಕೆಳಗೆ ಬಿಳಿ ಪಂಚೆ ಹಿಡಿದು ನಿಂತಿದ್ದೆವು. ಪಂಚೆ ನನ್ನದು. ಅದು ವಾಪಸ್ ಬರಲಿಲ್ಲ, ಮೂವರೂ ಒಬ್ಬರ ಮೇಲೊಬ್ಬರು ಹಾಕಿದರು.

ಶಿರಾ ಒಂದು ಪ್ರಶ್ನೆ ಎತ್ತಿದ. "ನಮ್ಮ ಬ್ಯಾಚಿನಲ್ಲಿ ಈಗಲೂ ಹೊಲಕ್ಕೆ ಇಳಿಯೋರು ಯಾರು ಹೇಳು?" ಎಣಿಸಿದೆವು. ಬ್ಯಾಂಕು, ಬ್ಯಾಂಕು, ಪೊಲೀಸು, ತಹಶೀಲ್ದಾರು, ಔಷಧಿ ಕಂಪನಿ, ಮತ್ತೆ ಬ್ಯಾಂಕು. ಇಲಾಖೆಯಲ್ಲಿದ್ದವರೂ ಈಗ ಮೀಟಿಂಗಿನಲ್ಲೇ ಇರುತ್ತಾರೆ. "ನೋಡು, ಊರು ಬಿಟ್ಟವರೇ ಬೆಳೆ ಹತ್ತಿರ ಉಳಿದ್ವಿ. ಅಲ್ಲೇ ಇದ್ದ ನೀವು ಬೆಳೆ ಬಿಟ್ರಿ" ಅಂದ.

ರೈಲಿನ ಸರ್ದಾರ್ಜಿ ನೆನಪಾದರು. ನಾನು ಹೊಲ ನೋಡುವುದು ನಿಜ, ಆದರೆ ನೋಡುವುದು ಪಹಣಿಯಲ್ಲಿ. ಸರ್ವೆ ನಂಬರು, ವಿಸ್ತೀರ್ಣ, ಮೇಲಿರುವ ಸಾಲ. ಬೆಳೆ ಕಾಲಂನಲ್ಲಿ ಏನಿದೆಯೋ ಅದೇ ಬೆಳೆ. ನಾನು ಹಾಗಂದಾಗ ಶಿರಾನ ಪರವಾಗಿ ಎಲ್ಲರೂ ತಲೆ ಆಡಿಸಿದರು, ಕೊಪ್ಪ ಮಾತ್ರ ಆಡಿಸಲಿಲ್ಲ. "ನಾವೇನು ನಮ್ಮ ಹೊಲಕ್ಕೆ ಇಳೀತಿದೀವಾ? ನಮ್ಮಪ್ಪನ ಅಡಿಕೆ ತೋಟ ಗುತ್ತಿಗೆಗೆ ಕೊಟ್ಟು ಎಂಟು ವರ್ಷ ಆಯ್ತು. ಕೊಳೆರೋಗಕ್ಕೆ ಬೋರ್ಡೋ ಹೊಡೆಸೋಕೆ ಆಳು ಸಿಗ್ತಿಲ್ಲ ಅಂತ ಗುತ್ತಿಗೆದಾರ ನನಗೆ ಮೆಸೇಜ್ ಹಾಕ್ತಾನೆ. ನಾನಿಲ್ಲಿ ಬೇರೆಯವರ ಬಾದಾಮಿಗೆ ಉಪದೇಶ ಮಾಡ್ತೀನಿ."

ಬೋರ್ಡೋ ಅಂದ ಕೂಡಲೇ ಕೋಲ್ಮನ್ ಬಂದ. ಬರಲೇಬೇಕು. ಲೆಸ್ಲಿ ಕೋಲ್ಮನ್ ಕೆನಡಾದವನು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದು, ಮಲೆನಾಡಿನಲ್ಲಿ ಅಡಿಕೆ ಕೊಳೆರೋಗ ಅಧ್ಯಯನ ಮಾಡಿ, ಮೈಲುತುತ್ತ-ಸುಣ್ಣದ ಈ ಬೋರ್ಡೋ ದ್ರಾವಣ ಹೊಡೆಯುವುದನ್ನು ತೋರಿಸಿಕೊಟ್ಟ. ಮುಂದೆ ಕೃಷಿ ಇಲಾಖೆಯ ನಿರ್ದೇಶಕನೂ ಆದ. ಹೆಬ್ಬಾಳದಲ್ಲಿ ಕೃಷಿ ಶಿಕ್ಷಣ ಬೇರು ಬಿಟ್ಟಿದ್ದು ಅವನ ಕಾಲದಲ್ಲೇ. ಅದೇ ಬೇರಿನಿಂದ 1964ರಲ್ಲಿ ನಮ್ಮ ವಿಶ್ವವಿದ್ಯಾಲಯ ಹುಟ್ಟಿತು, ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾಲಯದ ನೆರವೂ ಸಿಕ್ಕಿತು. "ಅವನು ಈ ಕಡೆಯಿಂದ ಬಂದು ನಿಮ್ಮ ಅಡಿಕೆ ಉಳಿಸಿದ. ನೀನು ಆ ಕಡೆಯಿಂದ ಬಂದು ಇವರ ಬಾದಾಮಿ ಉಳಿಸ್ತಿದೀಯ. ಲೆಕ್ಕ ಚುಕ್ತಾ" ಅಂದ ಚಿಂತಾಮಣಿ. ಕೊಪ್ಪ ನಗಲಿಲ್ಲ. ಗುತ್ತಿಗೆದಾರನಿಗೆ ಉತ್ತರ ಬರೆಯೋದಿದೆ ಅಂತ ಎದ್ದಳು.

ಭಾನುವಾರ

ಫೆಬ್ರವರಿ ಕೊನೇ ಭಾನುವಾರ ಕೇಪೇ ಕಣಿವೆಯಲ್ಲಿ ಬಾದಾಮಿ ಹಬ್ಬ. ಡೇವಿಸ್‌ನಿಂದ ಪಶ್ಚಿಮಕ್ಕೆ ಹೋಗಿ 16ನೇ ಹೆದ್ದಾರಿ ಹಿಡಿದರೆ ಎಸ್ಪಾರ್ಟೋ, ಕೇಪೇ, ಬ್ರೂಕ್ಸ್, ಗ್ವಿಂಡಾ, ರಮ್ಸಿ ಅಂತ ಸಣ್ಣ ಸಣ್ಣ ಊರುಗಳು ಸಾಲಾಗಿ ಸಿಗುತ್ತವೆ. ಒಂದೊಂದು ಊರಲ್ಲೂ ಅಂಗಡಿ, ಬ್ಯಾಂಡು, ಬಾದಾಮಿ ಪಾಯಸದಂಥದ್ದೇನೋ. ಎಸ್ಪಾರ್ಟೋದಲ್ಲೇ ಜಾಸ್ತಿ ಜನ. ಸೀದಾ ಗ್ವಿಂಡಾದವರೆಗೆ ಹೋಗಿ ವಾಪಸ್ ಬರುತ್ತಾ ನಿಲ್ಲಿಸುವುದು ಜಾಣತನ. ಕೊಪ್ಪ ಹಾಗೇ ಮಾಡಿಸಿದಳು.

ದಾರಿಯುದ್ದಕ್ಕೂ ಹೂವು. ಎಲೆ ಇನ್ನೂ ಬಂದಿಲ್ಲ, ಬರೀ ಕೊಂಬೆ ತುಂಬ ಬಿಳಿ, ಒಳಗೆ ಸ್ವಲ್ಪ ಗುಲಾಬಿ. ಸಾಲುಗಳ ನಡುವೆ ಹಳದಿ ಸಾಸಿವೆ. ಫೋಟೋದಲ್ಲಿ ಸಿಗದಿರುವುದು ವಾಸನೆ. ಹಸಿ ಮಣ್ಣು ಮತ್ತು ತೆಳುವಾದ ಜೇನಿನ ಘಮ.

ಒಂದು ತೋಟದ ಅಂಚಿನಲ್ಲಿ ಜೇನುಪೆಟ್ಟಿಗೆಗಳ ರಾಶಿ ಕಂಡು ನಿಲ್ಲಿಸಿದೆವು. ಚಿಂತಾಮಣಿ ತನ್ನ ಎಲೆಕ್ಟ್ರಿಕ್ ಕಾರನ್ನು ಟಾರು ಬಿಟ್ಟು ಪಕ್ಕಕ್ಕೆ ಇಳಿಸಿದ. ಹಿಂದಿನ ವಾರದ ಮಳೆ. ಹಿಂದಿನ ಚಕ್ರ ಅರ್ಧ ಹೂತುಹೋಯಿತು. ಎಲ್ಲರೂ ಇಳಿದು ಮಣ್ಣು ನೋಡಿದೆವು. ಜೇಡಿ ಅಂತ ಒಮ್ಮತವಾಯಿತು. ಕೊಳ್ಳೇಗಾಲ ಒಂದು ಹಿಡಿ ತೆಗೆದು ಹೆಬ್ಬೆರಳಲ್ಲಿ ಒತ್ತಿ ರಿಬ್ಬನ್ ಥರ ಉದ್ದಕ್ಕೆ ಎಳೆದು ತೋರಿಸಿದ. "ಸರ್, ಇದು ವರ್ಟಿಸಾಲ್. ಕೇಪೇ ಅಂತಲೇ ಇದಕ್ಕೆ ಹೆಸರಿದೆ. ನಮ್ಮ ಎರೆ ಭೂಮಿ ಥರ, ಬೇಸಿಗೇಲಿ ಬಿರುಕು ಬಿಡುತ್ತೆ, ಮಳೇಲಿ ಹಿಡ್ಕೊಳ್ಳುತ್ತೆ." ತೇವಾಂಶ ಎಷ್ಟಿರಬಹುದು ಅಂತಲೂ ಚರ್ಚೆಯಾಯಿತು. ಇಷ್ಟೊಂದು ಪದವಿಗಳು ಸೇರಿ ಮಾತಾಡಿದರೂ ಕಾರು ಒಂದಿಂಚು ಅಲ್ಲಾಡಲಿಲ್ಲ.

ಎಳೆದು ಹಾಕಿದ್ದು ಜೇನಿನವನು. ದೊಡ್ಡ ಪಿಕಪ್‌ನಲ್ಲಿ ಬಂದ, ಸರಪಳಿ ತೆಗೆದ, ಕೊಕ್ಕೆ ಎಲ್ಲಿ ಹಾಕೋದು ಅಂತ ಕೇಳಿದ. ಚಿಂತಾಮಣಿ ಫೋನಿನಲ್ಲಿ ಹುಡುಕಲು ಶುರು ಮಾಡಿದ. ಆ ಮನುಷ್ಯ ತಾಳ್ಮೆಯಿಂದ ಕಾದ. ಅವನು ನಾರ್ತ್ ಡಕೋಟಾದವನು. ಚಳಿಗಾಲ ಬಂದರೆ ಪೆಟ್ಟಿಗೆಗಳನ್ನು ಲಾರಿಗೆ ತುಂಬಿ ಈ ಕಡೆ ತರುತ್ತಾನೆ. ಎಕರೆಗೆ ಸುಮಾರು ಎರಡು ಪೆಟ್ಟಿಗೆ, ಒಂದು ಪೆಟ್ಟಿಗೆಗೆ ಇನ್ನೂರು ಡಾಲರ್ ಆಸುಪಾಸು ಬಾಡಿಗೆ. ಇಲ್ಲಿ ಫಸಲು ಕೊಡುವ ಬಾದಾಮಿ 13 ಲಕ್ಷ ಎಕರೆಗೂ ಜಾಸ್ತಿ. ಜಗತ್ತಿನ ಬಾದಾಮಿಯಲ್ಲಿ ಮುಕ್ಕಾಲು ಪಾಲಿಗೂ ಮೇಲೆ ಈ ಒಂದು ರಾಜ್ಯದ್ದೇ. ಹಾಗಾಗಿ ಅಮೆರಿಕದ ಬಹುಪಾಲು ಜೇನು ಈ ತಿಂಗಳು ಇಲ್ಲೇ ಇರುತ್ತದೆ. "ಜೇನುತುಪ್ಪ ಮಾರಿ ಬದುಕೋಕೆ ಆಗಲ್ಲ. ಈ ಬಾಡಿಗೇನೇ ನಮ್ಮನ್ನ ಸಾಕೋದು" ಅಂದ.

ಒಂಬತ್ತೂವರೆಗೆ ಪೆಟ್ಟಿಗೆಗಳ ಮುಂದೆ ಸದ್ದೇ ಇರಲಿಲ್ಲ. 13 ಡಿಗ್ರಿಗಿಂತ ಕಡಿಮೆ ಇದ್ದರೆ ಜೇನು ಹಾರಲು ಮನಸ್ಸು ಮಾಡುವುದಿಲ್ಲ ಅಂದಳು ಕೊಪ್ಪ. ಮಂಜು ತೆಳುವಾಗಿ ಬಿಸಿಲು ಬಂತು. ಮೊದಲು ಒಂದೆರಡು ನೊಣ ಬಾಗಿಲಿಗೆ ಬಂದು ಒಳಗೆ ಹೋದವು. ಆಮೇಲೆ ನೋಡನೋಡುತ್ತ ಇಡೀ ತೋಟ ಗುಂಯ್‌ಗುಡಲು ಶುರುವಾಯಿತು. ಕೊಪ್ಪ ಜೇನಿನವನ ಅನುಮತಿ ಕೇಳಿ ಒಂದು ಪೆಟ್ಟಿಗೆ ಪಕ್ಕ ಮಂಡಿಯೂರಿದಳು. ಬಾಗಿಲ ಕೆಳಗೆ ಬಿದ್ದಿದ್ದ ಸತ್ತ ನೊಣವೊಂದನ್ನು ಅಂಗೈ ಮೇಲಿಟ್ಟುಕೊಂಡು ಕನ್ನಡಕ ಹಣೆಗೇರಿಸಿದಳು. ಹೊಟ್ಟೆಯ ಪಕ್ಕದಲ್ಲಿ ಕೆಂಪು-ಕಂದು ಚುಕ್ಕೆಯೊಂದು ಅಂಟಿಕೊಂಡಿತ್ತು, ಚಪ್ಪಟೆ, ಸಾಸಿವೆಗಿಂತ ಸ್ವಲ್ಪ ಚಿಕ್ಕದು. ವರೋವಾ ನುಸಿ, ಜೇನಿನ ಮೈಗೆ ಅಂಟಿ ಬದುಕುವ ಪರಾವಲಂಬಿ. ಏಷ್ಯಾದ ನಮ್ಮ ತುಡುವೆ ಜೇನಿಗೆ ಇದು ಹಳೇ ನೆಂಟ. ತುಡುವೆ ತನ್ನ ಮೈಯನ್ನು ತಾನೇ ಉಜ್ಜಿ, ಒಬ್ಬರಿಗೊಬ್ಬರು ಹೆಕ್ಕಿ, ಹೇಗೋ ಸಂಭಾಳಿಸುತ್ತದೆ. ಇಲ್ಲಿನ ಯುರೋಪಿನ ಜೇನಿಗೆ ಆ ಅಭ್ಯಾಸ ಅಷ್ಟಿಲ್ಲ. ಅದಕ್ಕೇ ಇಷ್ಟು ನಷ್ಟ.

ಜೇನಿನವನು ನಿಮಗೆ ಇದರ ಹುಚ್ಚು ಹೇಗೆ ಹತ್ತಿತು ಅಂತ ಕೇಳಿದ. ಅವಳು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದ ಕಥೆ, ಜೊತೆಯಲ್ಲಿ ಓದಿದ ನನಗೇ ಗೊತ್ತಿರಲಿಲ್ಲ. ಅವಳಪ್ಪ ತೋಟದಲ್ಲಿ ತುಡುವೆ ಪೆಟ್ಟಿಗೆ ಇಟ್ಟಿದ್ದರು. 1991ರಲ್ಲಿ ಕೇರಳದ ಕಡೆಯಿಂದ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ಬಂತು. 1992ರ ಹೊತ್ತಿಗೆ ನಮ್ಮಲ್ಲೂ ಹಬ್ಬಿ, ದಕ್ಷಿಣದ ತುಡುವೆ ಸಂಸಾರಗಳಲ್ಲಿ ಬಹುಪಾಲು ನಾಶವಾದವು. ಮರಿಗಳು ಚೀಲದಲ್ಲಿ ನೀರು ತುಂಬಿದ ಹಾಗೆ ಊದಿ ಸಾಯುತ್ತಿದ್ದವು. ನಾವೆಲ್ಲ ಕೊನೇ ವರ್ಷದಲ್ಲಿದ್ದೆವು. ಅವಳು ರಜೆಗೆ ಊರಿಗೆ ಹೋದಾಗ ಅಪ್ಪ ಖಾಲಿ ಪೆಟ್ಟಿಗೆಗಳನ್ನು ಒಲೆಗೆ ಹಾಕುತ್ತಿದ್ದರಂತೆ. ಎಂ.ಎಸ್ಸಿ.ಗೆ ತಳಿಶಾಸ್ತ್ರ ತಗೋಬೇಕು ಅಂತಿದ್ದವಳು ಕೀಟಶಾಸ್ತ್ರ ಬರೆದು ಕೊಟ್ಟಳು. ಆ ವರ್ಷ ನಾವು ಅವಳನ್ನು ಮಾರ್ಕು ಸಾಲದೆ ಕೀಟಕ್ಕೆ ಬಿದ್ದಳು ಅಂತ ಆಡಿಕೊಂಡಿದ್ದೆವು.

ಜೇನಿನವನು ಸುಮ್ನೆ ತಲೆಯಾಡಿಸಿ ಗಾಡಿಯಿಂದ ಒಂದು ಬಾಟಲಿ ಜೇನುತುಪ್ಪ ತಂದು ಕೊಟ್ಟ. ಸರಪಳಿಗೂ ದುಡ್ಡು ತಗೊಳ್ಳಲಿಲ್ಲ. ವಾಪಸ್ ಬರುತ್ತಾ ಎಸ್ಪಾರ್ಟೋದಲ್ಲಿ ಸುಟ್ಟ ಬಾದಾಮಿ, ಜೋಳದ ರೊಟ್ಟಿಯೊಳಗೆ ಹುರುಳಿಕಾಯಿ ಹಾಕಿದ ಏನೋ ತಿಂದೆವು. ಬ್ಯಾಂಡಿನವರು ಚೆನ್ನಾಗಿ ಬಾರಿಸಿದರು.

ಸೋಮವಾರ

ಬೆಳಿಗ್ಗೆ ಏಳಕ್ಕೆ ಎದ್ದರೆ ಎದುರು ಮನೆ ಕಾಣುತ್ತಿಲ್ಲ. ಟೂಲೀ ಫಾಗ್ ಅನ್ನುತ್ತಾರೆ, ಮಳೆಯಾದ ಮೇಲೆ ಈ ಕಣಿವೆಯ ನೆಲದಿಂದಲೇ ಏಳುವ ದಟ್ಟ ಮಂಜು. ಫ್ರೆಸ್ನೋಗೆ 99ನೇ ಹೆದ್ದಾರಿಯಲ್ಲಿ ಹೋಗಬೇಕಿದ್ದ ಶಿರಾ ಹತ್ತರವರೆಗೆ ಕಾಯುತ್ತೇನೆ ಅಂದ. ಚಳಿಗಾಲದಲ್ಲಿ ಈ ಕಡೆ ಗಾಡಿ ಓಡಿಸುವವರು ಬೆಳಗಿನ ಹೊತ್ತು ಆತುರ ಮಾಡಬಾರದು. ಸರಣಿ ಅಪಘಾತಗಳು ಆಗುವುದೇ ಇಂಥ ಮಂಜಿನಲ್ಲಿ.

ಆ ಹೊತ್ತಿನಲ್ಲಿ ಶಿರಾ ತನ್ನ ಕೆಲಸ ವಿವರಿಸಿದ. ಇಲ್ಲಿ ಬೆಳೆಗಾರ ಯಾವ ಔಷಧಿ, ಯಾವ ಹೊಲಕ್ಕೆ, ಎಷ್ಟು ಹೊಡೆದ ಅಂತ ಕೌಂಟಿ ಕಚೇರಿಗೆ ವರದಿ ಕೊಡಬೇಕು. 1990ರಿಂದ ಎಲ್ಲ ಬೆಳೆಗೂ ಕಡ್ಡಾಯ. ಹಣ ಕಟ್ಟಿಸಿಕೊಂಡು ಸಲಹೆ ಕೊಡುವವನಿಗೆ ಲೈಸೆನ್ಸ್ ಇರಬೇಕು, ಸಲಹೆ ಬರವಣಿಗೆಯಲ್ಲಿರಬೇಕು. ನಮ್ಮಲ್ಲಿ ಸಲಹೆ ಕೊಡುವವನೂ ಮಾರುವವನೂ ಅಂಗಡಿಯವನೇ. ಕೊಳ್ಳೇಗಾಲ ಮಧ್ಯೆ ಬಂದ. ಹಳ್ಳಿ ವಾಸದ ಸೆಮಿಸ್ಟರ್‌ನಲ್ಲಿ ಅವನು ಒಬ್ಬ ರೈತರಿಗೆ ಮಣ್ಣು ಪರೀಕ್ಷೆ ಬಗ್ಗೆ ಅರ್ಧ ಗಂಟೆ ಹೇಳಿದನಂತೆ. ಅವರು ಎಲ್ಲ ಕೇಳಿ "ಅದೆಲ್ಲ ಇರಲಿ ತಮ್ಮ, ಬ್ಯಾಂಕಿನಲ್ಲಿ ಯಾರಾದ್ರೂ ಗೊತ್ತಾ?" ಅಂದರಂತೆ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದೆ ಉಬ್ಬಿಸಿ ಕೂತೆ. ಎರಡು ದಿನದಿಂದ ಸೋಲುತ್ತಿದ್ದವನಿಗೆ ಒಂದು ಪಾಯಿಂಟು ಸಿಕ್ಕಿತ್ತು.

ಶಿರಾ ಹೊರಟ ಮೇಲೆ ಬೋಹಾರ್ಟ್ ಕೀಟ ಸಂಗ್ರಹಾಲಯಕ್ಕೆ ಹೋದೆವು. 1946ರಲ್ಲಿ ಶುರುವಾದದ್ದು, 70 ಲಕ್ಷಕ್ಕೂ ಜಾಸ್ತಿ ಕೀಟಗಳಿವೆ. ಯಾವ ದಿನ ಬಾಗಿಲು ತೆಗೆದಿರುತ್ತದೆ ಅಂತ ನೋಡಿಕೊಂಡು ಹೋಗಬೇಕು. ಮಡಗಾಸ್ಕರ್ ಜಿರಲೆಯನ್ನು ಕೈ ಮೇಲೆ ಬಿಡುತ್ತಾರೆ, ಬುಸ್ಸನ್ನುತ್ತದೆ. ಚಿಂತಾಮಣಿ ಹಿಡಿಯಲಿಲ್ಲ. ಒಂದು ಡ್ರಾಯರ್ ಎಳೆದರೆ ಸಾಲಾಗಿ ದುಂಬಿಗಳು. ನಾನು ಬಗ್ಗಿ ನೋಡಿದೆ. ಎಲ್ಲದಕ್ಕೂ ಬಲಗಡೆ ರೆಕ್ಕೆಗೇ ಪಿನ್ನು. "ನಿನ್ನ ಪೆಟ್ಟಿಗೇಲಿ ಮೂರು ದುಂಬಿಗೆ ಎಡಗಡೆ ಇತ್ತು" ಅಂದಳು ಕೊಪ್ಪ. ಅದು ಅವಳಿಗೆ ಹೇಗೆ ನೆನಪಿದೆಯೋ ಗೊತ್ತಿಲ್ಲ. ಇಲ್ಲವೇ ಇಲ್ಲ ಅಂತ ಸ್ಟೇಷನ್‌ವರೆಗೂ ವಾದ ಮಾಡಿದೆ.

ರೈಲಿಗೆ ಕಾಯುವಾಗ ಒಂದು ವಾಟ್ಸಾಪ್ ಗುಂಪು ಹುಟ್ಟಿತು. ಮುಂದಿನ ಸಲ ಬೆಂಗಳೂರಲ್ಲೇ ಸೇರೋಣ, ನವೆಂಬರ್ ಕೃಷಿ ಮೇಳದ ಹೊತ್ತಿಗೆ, ಕೊಪ್ಪ ಅವರಪ್ಪನ ಅಡಿಕೆ ತೋಟವನ್ನೂ ನೋಡಿಕೊಂಡು ಬರೋಣ ಅಂತ ಮಾತಾಯಿತು. ಬ್ಯಾಂಕಿನವನು ಅಂತ ದುಡ್ಡಿನ ಲೆಕ್ಕ ನನ್ನ ತಲೆಗೆ ಕಟ್ಟಿದರು. ಚಿಂತಾಮಣಿ ಇನ್ನೂ ತನ್ನ ಪಾಲು ಹಾಕಿಲ್ಲ. ಕೊಪ್ಪ ಹಾಕಿದ್ದಾಳೆ. ಶಿರಾ ಹಾಕಿದ್ದಾನೆ, ಅದರಲ್ಲಿ ಸನಿಕೆ ಕಾವಿನ ಹದಿನಾಲ್ಕು ಡಾಲರ್ ಮುರಿದುಕೊಂಡಿದ್ದಾನೆ.